ಸಣ್ಣ ಓಟಿಜಿಯಲ್ಲಿ ಇಡೀ ಟರ್ಕಿ ರೋಸ್ಟ್ ಮಾಡುದು ಹೇಗೆ

ನಮ್ಮ ಮನೆಗೆ ಮೊದಲ ಸಲ ಟರ್ಕಿ ಬಂದದ್ದು ಅಕ್ಕ, ಭಾವ ದುಬೈಯಿಂದ ಊರಿಗೆ ಬಂದಿದ್ದ ವರ್ಷ. ಹಂದಿ ಬಾಫತ್ (ಖಾರ ಮಸಾಲೆಯ ಹಂದಿ ಪದಾರ್ಥ), ಸನ್ನ (ಹಬೆಯಲ್ಲಿ ಬೇಯಿಸಿದ ಅಕ್ಕಿ ಇಡ್ಲಿ), ಕುಸ್ವಾರ್ (ಹಬ್ಬದ ತಿಂಡಿಗಳು) ಎಲ್ಲ ಕ್ರಿಸ್ಮಸ್ಸಿಗೆ ಇದ್ದದ್ದೇ, ಈ ಸಲ ಒಂದು ಇಡೀ ಟರ್ಕಿ ಮಾಡುವ ಅಂತ ಭಾವ ಹೇಳಿ, ಅಂಗಡಿಗೆ ಮೊದಲೇ ಹೇಳಿಟ್ಟು ಐದೂವರೆ ಕೆಜಿಯ ಫ್ರೋಜನ್ ಟರ್ಕಿ ತರ್ಸಿದ್ರು. ನಾನು 24ರ ಬೆಳಿಗ್ಗೆ ಅದನ್ನು ಫ್ರೀಜರಿಂದ ತೆಗ್ದು ಸಿಂಕಲ್ಲಿ ಇಟ್ಟೆ, ಕೋಳಿ ಹಾಗೇ ಅಲ್ವಾ, ಸಂಜೆಯೊಳಗೆ ಕರಗ್ತದೆ ಅಂತ. ಸಂಜೆ ಮುಟ್ಟಿ ನೋಡಿದ್ರೆ ಹೊರಗೆ ಬೆಚ್ಚಗೆ, ಹೊಟ್ಟೆಯೊಳಗೆ ಕೈ ಹಾಕಿದ್ರೆ ಬರ್ಫದ ಗಟ್ಟಿ. ಆದ್ರೂ ಮಸಾಲೆ ಹಚ್ಚಿ ಓಟಿಜಿಯೊಳಗೆ (ಮೇಲೆ ಕೆಳಗೆ ಬಿಸಿ ರಾಡ್ ಇರುವ ಕರೆಂಟಿನ ಸಣ್ಣ ಓವನ್) ತುರುಕಿದ್ವಿ, ಬೆನ್ನು ಕೆಳಗೆ ಎದೆ ಮೇಲೆ, ಮೇಲಿನ ರಾಡಿಗೆ ಎದೆ ಹೆಚ್ಚುಕಮ್ಮಿ ತಾಗ್ತಿತ್ತು. ಮೂರೂವರೆ ಗಂಟೆ ಆದ ಮೇಲೆ ಹೊರಗೆ ತೆಗ್ದಾಗ ಮೇಲೆ ಕರ್ಕಲು, ಎದೆಯ ಮಾಂಸ ಮರದ ಹೊಟ್ಟಿನ ಹಾಗೆ ಒಣಗಿ ಹೋಗಿತ್ತು, ತೊಡೆಯ ಸಂದಿಯಲ್ಲಿ ಇನ್ನೂ ಹಸಿ ರಕ್ತ. ಮಮ್ಮಿ ಏನೂ ಮಾತಾಡದೆ ಅದನ್ನು ಇಡೀ ಪೀಸ್ ಮಾಡಿ ಬಾಫತ್ ಮಸಾಲೆಗೆ ಹಾಕಿ ಕುದಿಸಿದ್ರು. ಯಾರಿಗೂ ಹೊಟ್ಟೆ ಕೆಡ್ಲಿಲ್ಲ, ಅದು ದೇವರ ದಯೆ.

ಆಮೇಲೆ ಆರು ಕ್ರಿಸ್ಮಸ್ ಆಯ್ತು, ಪ್ರತಿ ವರ್ಷ ಮಾಡ್ತೇನೆ, ಈಗ ಚಂದ ಬರ್ತದೆ, ಹಾಗಾಗಿ ಬರಿತಾ ಇದ್ದೇನೆ. ನಾವು ಊರಿನವ್ರು ಟರ್ಕಿ ಅಂದ ಕೂಡ್ಲೆ ಮಸಾಲೆ ಎಂತ ಹಾಕುದು ಅಂತ ಕೇಳ್ತೇವೆ, ಮಸಾಲೆ ಕೊನೆಯ ಪ್ರಶ್ನೆ ಮಾರಾಯ್ರೆ. ಮೊದಲ ಪ್ರಶ್ನೆ ಅದು ಪೂರ್ತಿ ಕರಗಿದ್ಯಾ, ಉಪ್ಪು ಒಳಗೆ ಇಳ್ದಿದ್ಯಾ, ಒಳಗಿನ ಬಿಸಿ ಎಷ್ಟು ಡಿಗ್ರಿ ಆಗಿದೆ. ಈ ಮೂರು ಸರಿ ಆದ್ರೆ ಬರೀ ಉಪ್ಪು, ಒಳ್ಳೆಮೆಣಸು (ಕಾಳುಮೆಣಸು) ಹಾಕಿದ್ರೂ ತಟ್ಟೆ ಖಾಲಿ ಆಗ್ತದೆ. ತಪ್ಪಿದ್ರೆ ಯಾವ ಮಸಾಲೆಯೂ ಉಳಿಸುದಿಲ್ಲ.

ಟರ್ಕಿ ನಮಗೆ ಪೂರ್ತಿ ಹೊಸ್ತೇನೂ ಅಲ್ಲ. ಅಮೆರಿಕ ಖಂಡದ ಹಕ್ಕಿ ಅದು, ಮೆಕ್ಸಿಕೋ ಕಡೆ ಸಾಕ್ತಿದ್ರು, 16ನೇ ಶತಮಾನದಲ್ಲಿ ಸ್ಪೇನಿನವ್ರು ಯೂರೋಪಿಗೆ ಕೊಂಡೋದ್ರು, ಮತ್ತೆ ಪೋರ್ಚುಗೀಸರ ಗೋವಾಕ್ಕೆ ಬಂತು. 1612ರ ಸುಮಾರಿಗೆ ಮುಕರ್ರಬ್ ಖಾನ್ ಅಂತ ಒಬ್ಬ ಮೊಘಲ್ ಅಧಿಕಾರಿ ಗೋವಾದಿಂದ ಒಂದು ಟರ್ಕಿಯನ್ನು ಜಹಾಂಗೀರ್ ಬಾದಶಾಹನ ಹತ್ರ ಕೊಂಡೋಗಿ ಕೊಟ್ಟದ್ದು, ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಅದರ ಚಿತ್ರ ಬಿಡಿಸಿದ್ದು, ಕೆಂಪು ಕೊರಳಿನ ಒಂದೊಂದು ಗುಳ್ಳೆ ಕೂಡ ಕಾಣುವ ಹಾಗೆ. ನಾವು ಮಂಗಳೂರಿನ ಕ್ರೈಸ್ತರು, ನಮ್ಮ ಹಿರಿಯರು ತುಂಬ ಜನ ಗೋವಾದಿಂದಲೇ ಇಳಿದು ಬಂದವ್ರು, ಹಾಗಾಗಿ ನಂಗೆ ಅದು ಭಾರಿ ಹತ್ತಿರದ ಕತೆ ಅನ್ಸ್ತದೆ. ಇನ್ನೊಂದು, ಟರ್ಕಿ ದೇಶದವ್ರು ಈ ಹಕ್ಕಿಗೆ ಹಿಂದಿ ಅಂತಾರೆ, ಅಂದ್ರೆ ಇಂಡಿಯಾದ್ದು ಅಂತ ಅರ್ಥ.

ಈಗ ಕೆಲಸಕ್ಕೆ ಬರುವ.

ಖರೀದಿ ಮಾಡುವ ಮೊದಲು ಓಟಿಜಿ ಅಳೆಯಿರಿ. ನಮ್ಮಲ್ಲಿ ಹೆಚ್ಚಿನವ್ರ ಮನೆಯಲ್ಲಿ ಇರುದು 25ರಿಂದ 40 ಲೀಟರಿನದ್ದು, ಕೇಕ್ ಮಾಡ್ಲಿಕ್ಕೆ ತಂದದ್ದು. ಅದರಲ್ಲಿ ಇಡೀ ಟರ್ಕಿ ಕೂರುದು ಕಷ್ಟ. 48ರಿಂದ 60 ಲೀಟರ್ ಇದ್ರೆ ನಾಲ್ಕು ಕೆಜಿಯದ್ದು ಕೂರ್ತದೆ, ನಾಲ್ಕೂವರೆ ಸ್ವಲ್ಪ ಇಕ್ಕಟ್ಟು. ನಾನು ಮಾಡುದು ಹೀಗೆ, ಒಂದು ರಟ್ಟಿನ ಪೆಟ್ಟಿಗೆ ಕಟ್ ಮಾಡಿ ಟ್ರೇಯ ಮೇಲೆ ಇಡ್ತೇನೆ, ಕೆಳಗಿನ ರ‍್ಯಾಕಿಗೆ ಟ್ರೇ ಹಾಕಿ ಬಾಗಿಲು ಮುಚ್ತದಾ, ಮೇಲಿನ ರಾಡಿಗೂ ರಟ್ಟಿಗೂ ನಾಲ್ಕು ಬೆರಳು ಜಾಗ ಉಂಟಾ ನೋಡ್ತೇನೆ, ಅದೇ ಅಳತೆ ಬರ್ಕೊಂಡು ಅಂಗಡಿಗೆ ಹೋಗ್ತೇನೆ. ಜನಕ್ಕೆ ಲೆಕ್ಕ ಹಾಕುದಾದ್ರೆ ಒಬ್ರಿಗೆ ಅರ್ಧದಿಂದ ಮುಕ್ಕಾಲು ಕೆಜಿ ಹಸಿ ತೂಕ, ಮೂಳೆಯೇ ತುಂಬ ಇರ್ತದೆ, ಹಾಗಾಗಿ ನಾಲ್ಕು ಕೆಜಿ ಅಂದ್ರೆ ಆರೇಳು ಜನರಿಗೆ ಧಾರಾಳ. ಹತ್ತು ಹದಿನೈದು ಜನ ಇದ್ದಾರೆ ಅಂತ ಏಳು ಕೆಜಿಯ ಟರ್ಕಿ ತರ್ಬೇಡಿ, ಅದು ನಮ್ಮ ಓಟಿಜಿಗೆ ಹೋಗುದೇ ಇಲ್ಲ. ಸಣ್ಣದೊಂದು ಟರ್ಕಿ, ಜೊತೆಗೆ ಹಂದಿಯೋ ಕೋಳಿಯೋ ಬೇರೆ ಮಾಡಿ.

ಟರ್ಕಿ ಎರಡು ತರದಲ್ಲಿ ಸಿಕ್ತದೆ. ಒಂದು ಫ್ರೋಜನ್, ಕ್ರಿಸ್ಮಸ್ ಹತ್ರ ಬಂದಾಗ ದೊಡ್ಡ ಕೋಲ್ಡ್ ಸ್ಟೋರೇಜಿನವ್ರಿಗೆ ಎರಡು ವಾರ ಮೊದಲೇ ಹೇಳಿಟ್ರೆ ತರ್ಸಿ ಕೊಡ್ತಾರೆ. ಅದರ ಲೇಬಲ್ ಓದಿ, ಉಪ್ಪು ನೀರು ಮೊದಲೇ ಇಂಜೆಕ್ಟ್ ಮಾಡಿದ್ದಾ ಅಂತ, ಪದಾರ್ಥದ ಪಟ್ಟಿಯಲ್ಲಿ ಟರ್ಕಿಯ ಜೊತೆ ನೀರು, ಉಪ್ಪು ಅಂತ ಇದ್ರೆ ಅದಕ್ಕೆ ಮತ್ತೆ ಉಪ್ಪು ಹಚ್ಚುದು ಬೇಡ, ಇಲ್ಲದಿದ್ರೆ ಬಾಯಿಗಿಡ್ಲಿಕ್ಕೆ ಆಗುದಿಲ್ಲ. ಇನ್ನೊಂದು ಊರಲ್ಲಿ ಸಾಕಿದ್ದು, ತೋಟದ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಕುವವ್ರು ಇದ್ದಾರೆ. ಅದನ್ನು ಕ್ಲೀನ್ ಮಾಡ್ಲಿಕ್ಕೆ ಕೋಳಿ ಅಂಗಡಿಗೆ ಕೊಡುವಾಗ ಎರಡೆರಡು ಸಲ ಹೇಳಿ, ಚರ್ಮ ತೆಗಿಬೇಡಿ, ಪೀಸ್ ಮಾಡ್ಬೇಡಿ, ಬಿಸಿನೀರಲ್ಲಿ ಅದ್ದಿ ಬರೀ ಪುಕ್ಕ ಕೀಳಿ ಅಂತ. ನಮ್ಮ ಕಡೆ ಕೈ ಅಭ್ಯಾಸದಲ್ಲಿ ಚರ್ಮ ಸುಲಿದು ಬಿಡ್ತಾರೆ, ಚರ್ಮ ಹೋದ್ರೆ ರೋಸ್ಟೂ ಹೋಯ್ತು. ಆಗಷ್ಟೇ ಕೊಂದ ಟರ್ಕಿಯನ್ನು ಅದೇ ದಿನ ಬೇಯಿಸ್ಬೇಡಿ, ಮಾಂಸ ಬಿಗಿದುಕೊಂಡಿರ್ತದೆ, ಒಂದು ದಿನ ಫ್ರಿಜ್ಜಲ್ಲಿಟ್ರೆ ಸಡಿಲ ಆಗ್ತದೆ. ಉಳಿದ ಸಣ್ಣ ಪುಕ್ಕದ ಬುಡಗಳನ್ನು ಚಿಮಟದಲ್ಲಿ ಕಿತ್ತು, ಗ್ಯಾಸಿನ ಉರಿಯ ಮೇಲೆ ಒಮ್ಮೆ ಸವರಿ ತೆಗೀರಿ.

ಕರಗಿಸುದಕ್ಕೆ ಬರುವ, ಇಲ್ಲಿಯೇ ನಾನು ಸೋತದ್ದು. ಫ್ರಿಜ್ಜಿನ ಒಳಗೆ ಇಟ್ಟೇ ಕರಗಿಸ್ಬೇಕು, ಎರಡು ಎರಡೂವರೆ ಕೆಜಿಗೆ ಒಂದು ದಿನ ಲೆಕ್ಕ. ನಾಲ್ಕು ಕೆಜಿಗೆ ಎರಡು ದಿನ ಬೇಕೇ ಬೇಕು, ನಾನು ಅರ್ಧ ದಿನ ಜಾಸ್ತಿ ಇಡ್ತೇನೆ. 25ರ ಮಧ್ಯಾಹ್ನದ ಊಟಕ್ಕಾದ್ರೆ 20ನೇ ತಾರೀಕು ರಾತ್ರಿ ಫ್ರೀಜರಿಂದ ಫ್ರಿಜ್ಜಿಗೆ ಇಳಿಸಿ. ಹೊರಗೆ ಇಟ್ರೆ ಎಂತ ಆಗ್ತದೆ ಅಂತ ಕೇಳ್ಬಹುದು. ಮಂಗಳೂರಲ್ಲಿ ಡಿಸೆಂಬರಿನ ಮಧ್ಯಾಹ್ನವೂ 30 ಡಿಗ್ರಿ ದಾಟ್ತದೆ, ಒಳಗೆ ಬರ್ಫ ಇರುವಾಗಲೇ ಹೊರಗಿನ ಮಾಂಸ ಗಂಟೆಗಟ್ಟಲೆ ಆ ಸೆಕೆಯಲ್ಲಿ ಕೂತಿರ್ತದೆ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯ ರಪ್ಪ ಬೆಳೆಯುದು, ಕೆಲವು ಬ್ಯಾಕ್ಟೀರಿಯ ಬಿಟ್ಟ ವಿಷ ಮತ್ತೆ ಎಷ್ಟು ಬೇಯಿಸಿದ್ರೂ ಹೋಗುದಿಲ್ಲ. ಮರ್ತು ಹೋಗಿ ಸಮಯ ಇಲ್ಲದಿದ್ರೆ ತಣ್ಣೀರಿನ ದಾರಿ ಉಂಟು, ಪ್ಲಾಸ್ಟಿಕ್ ಕವರ್ ಸಮೇತ ದೊಡ್ಡ ಬಾಲ್ದಿಯಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ, ಅರ್ಧ ಕೆಜಿಗೆ ಅರ್ಧ ಗಂಟೆಯ ಹಾಗೆ ನಾಲ್ಕು ಕೆಜಿಗೆ ನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು. ನಮ್ಮ ಟ್ಯಾಂಕಿನ ನೀರು ಹಗಲು ಬಿಸಿ ಇರ್ತದೆ, ಹಾಗಾಗಿ ಪ್ರತಿ ಸಲ ಒಂದು ಟ್ರೇ ಐಸ್ ಹಾಕಿ. ಹೀಗೆ ಕರಗಿಸಿದ್ರೆ ಆ ಕೂಡ್ಲೆ ಬೇಯಿಸ್ಬೇಕು, ಪುನಃ ಇಡ್ಲಿಕ್ಕಿಲ್ಲ.

ಫ್ರಿಜ್ಜಲ್ಲಿ ಇಡುವಾಗ ಎಲ್ಲಕ್ಕಿಂತ ಕೆಳಗಿನ ತಟ್ಟಿನಲ್ಲಿ, ಅಂಚಿರುವ ಟ್ರೇಯಲ್ಲಿ ಇಡಿ, ಅದರ ನೀರು ಕೆಳಗಿನ ಬೇರೆ ಪದಾರ್ಥಕ್ಕೆ ಬೀಳ್ಬಾರ್ದು. ಕ್ರಿಸ್ಮಸ್ ವಾರ ನಮ್ಮ ಫ್ರಿಜ್ಜಲ್ಲಿ ಹಂದಿಯ ಪಾತ್ರೆ, ಕೇಕಿನ ಬೆಣ್ಣೆ, ವೈನ್ ಬಾಟಲಿ ಎಲ್ಲ ಒಟ್ರಾಶಿ ಇರ್ತದೆ, ಮೊದಲೇ ಜಾಗ ಮಾಡಿ, ಬೇಕಾದ್ರೆ ಪಕ್ಕದ ಮನೆಯವ್ರ ಫ್ರಿಜ್ಜಲ್ಲಿ ಒಂದು ಕಪಾಟು ಕೇಳಿ ಇಟ್ಕೊಳ್ಳಿ.

ಕರಗಿದ ಮೇಲೆ ಹೊಟ್ಟೆಯೊಳಗೆ ಕೈ ಹಾಕಿ, ಒಂದು ಪ್ಲಾಸ್ಟಿಕ್ ಚೀಲ ಇರ್ತದೆ, ಕೊರಳು, ಲಿವರ್, ಹೃದಯ, ಗಿಝರ್ಡ್ (ಹಕ್ಕಿಯ ಗಟ್ಟಿ ಜಠರ) ಎಲ್ಲ ಅದರಲ್ಲಿ. ಕೆಲವೊಮ್ಮೆ ಕೊರಳಿನ ಬದಿಯ ತೂತಿನಲ್ಲಿ ಇನ್ನೊಂದು ಚೀಲ ಅಡಗಿರ್ತದೆ, ಎರಡೂ ಕಡೆ ನೋಡಿ. ಇವು ಬಿಸಾಡ್ಬೇಡಿ, ಗ್ರೇವಿಗೆ ಬೇಕು. ಮತ್ತೆ ನಲ್ಲಿಯ ಕೆಳಗೆ ಹಿಡಿದು ತೊಳಿಬೇಡಿ. ನಮ್ಮಲ್ಲಿ ಮಾಂಸ ಏಳು ನೀರಲ್ಲಿ ತೊಳೆದ್ರೇ ಸಮಾಧಾನ ಅಂತ ನಂಗೆ ಗೊತ್ತುಂಟು, ಆದ್ರೆ ಇಷ್ಟು ದೊಡ್ಡ ಹಕ್ಕಿಯನ್ನು ಸಿಂಕಲ್ಲಿ ತೊಳೆದ್ರೆ ನೀರು ಹಾರಿ ಪಕ್ಕದ ತಟ್ಟೆ, ಲೋಟ, ಸಲಾಡಿಗೆಲ್ಲ ತಾಗ್ತದೆ, ಚರ್ಮವೂ ಒದ್ದೆ ಆಗ್ತದೆ, ಓವನ್ನಿನ ಬಿಸಿಗೆ ಬ್ಯಾಕ್ಟೀರಿಯ ಹೇಗೂ ಸಾಯ್ತದೆ. ಊರಿನ ಟರ್ಕಿಯಲ್ಲಿ ರಕ್ತ, ಪುಕ್ಕ ಅಂಟಿದ್ರೆ ಅಷ್ಟು ಜಾಗ ಮಾತ್ರ ಒದ್ದೆ ಬಟ್ಟೆಯಲ್ಲಿ ಒರಸಿ. ಆಮೇಲೆ ಟಿಶ್ಯೂ ಪೇಪರಿನಲ್ಲಿ ಒಳಗೆ ಹೊರಗೆ ಒತ್ತಿ ಒತ್ತಿ ಒಣಗಿಸಿ.

ಉಪ್ಪು. ಉಪ್ಪು ನೀರಿನ ಪಾತ್ರೆಯಲ್ಲಿ ಇಡೀ ಟರ್ಕಿ ಮುಳುಗಿಸುವ ಕ್ರಮ ಉಂಟು, ಲೀಟರಿಗೆ 60 ಗ್ರಾಂ ಉಪ್ಪು ಹಾಕಿ ಒಂದು ರಾತ್ರಿ ಇಡುದು, ಆದ್ರೆ ಅಷ್ಟು ದೊಡ್ಡ ಪಾತ್ರೆ ಇಡ್ಲಿಕ್ಕೆ ಫ್ರಿಜ್ಜಲ್ಲಿ ಜಾಗ ಎಲ್ಲಿದೆ, ಹೊರಗೆ ಇಡ್ಲಿಕ್ಕೆ ಈ ಸೆಕೆಯಲ್ಲಿ ಆಗುದಿಲ್ಲ. ಒಣ ಉಪ್ಪು ಹಚ್ಚುದೇ ನಮಗೆ ಸರಿ, ರುಚಿಯೂ ಅದರಲ್ಲೇ ಜಾಸ್ತಿ. ಕೆಜಿಗೆ 12 ಗ್ರಾಂ, ಅಂದ್ರೆ ನಾಲ್ಕು ಕೆಜಿಗೆ ಸುಮಾರು 50 ಗ್ರಾಂ, ಪುಡಿ ಉಪ್ಪಾದ್ರೆ ಮೂರು ದೊಡ್ಡ ಚಮಚಕ್ಕಿಂತ ಸ್ವಲ್ಪ ಕಮ್ಮಿ. ತೂಕ ಮಾಡಿಯೇ ಹಾಕಿ, ಕಣ್ಣಳತೆ ಬೇಡ. ಅದಕ್ಕೆ ಒಂದು ದೊಡ್ಡ ಚಮಚ ಜಜ್ಜಿದ ಒಳ್ಳೆಮೆಣಸು ಸೇರಿಸಿ. ಈಗ ಚರ್ಮದ ಕೆಳಗೆ ಬೆರಳು ಹಾಕ್ಬೇಕು, ಕೊರಳಿನ ಕಡೆಯಿಂದ ಶುರು ಮಾಡಿ, ಉಗುರು ಕಟ್ ಮಾಡ್ಕೊಂಡು, ಉಂಗುರ ತೆಗ್ದು, ಎದೆಯ ಮೇಲಿಂದ ಚರ್ಮವನ್ನು ಮೆಲ್ಲ ಸಡಿಲ ಮಾಡ್ತಾ ಹೋಗಿ, ನಡುವಿನ ಎಲುಬಿನ ಹತ್ರ ತೆಳ್ಳಗೆ ಅಂಟಿಕೊಂಡಿರ್ತದೆ, ಅಲ್ಲಿ ಎಳಿಬೇಡಿ, ಹರಿತದೆ. ತೊಡೆಯವರೆಗೆ ಕೈ ಹೋಗ್ತದೆ. ಅರ್ಧ ಉಪ್ಪು ಚರ್ಮದ ಕೆಳಗೆ ಮಾಂಸಕ್ಕೇ ನೇರ, ಎದೆಗೆ ಜಾಸ್ತಿ, ಕಾಲು ಭಾಗ ಹೊಟ್ಟೆಯೊಳಗೆ, ಉಳಿದದ್ದು ಹೊರಗೆ. ಮುಚ್ಚದೆ ಫ್ರಿಜ್ಜಲ್ಲಿ ಒಂದೂವರೆ ದಿನ ಇಡಿ, 23ರ ಸಂಜೆ ಹಚ್ಚಿದ್ರೆ 25ರ ಬೆಳಿಗ್ಗೆಗೆ ಸರಿ. ಮೊದಲು ನೀರು ಬಿಡ್ತದೆ, ಗಾಬರಿ ಬೇಡ, ಆ ಉಪ್ಪು ನೀರೇ ಪುನಃ ಮಾಂಸ ಎಳ್ಕೊಳ್ತದೆ, ಆಗ ಬೇಯುವಾಗ ರಸ ಕಮ್ಮಿ ಸೋರ್ತದೆ. ಎರಡನೇ ದಿನ ಚರ್ಮ ಮುಟ್ಟಿ ನೋಡಿ, ಹಪ್ಪಳದ ಹಾಗೆ ಒಣಗಿ ಬಿಗಿದಿರ್ತದೆ, ಸ್ವಲ್ಪ ಪಾರದರ್ಶಕ ಕಾಣ್ತದೆ. ಅಂತ ಚರ್ಮವೇ ಗರಿಗರಿ ಆಗುದು.

ಮಸಾಲೆಯ ಬಗ್ಗೆ ನಂದು ಗಟ್ಟಿ ಅಭಿಪ್ರಾಯ ಉಂಟು. ಶುಂಠಿ ಬೆಳ್ಳುಳ್ಳಿ ಪೇಸ್ಟ್, ಬ್ಯಾಡಗಿ ಮೆಣಸಿನ ಅರೆದ ಮಸಾಲೆ ಚರ್ಮದ ಹೊರಗೆ ಬೇಡ. ಎರಡೂವರೆ ಗಂಟೆಯ ಬಿಸಿಯಲ್ಲಿ ಬೆಳ್ಳುಳ್ಳಿ ಕರಟಿ ಕಹಿ ಆಗ್ತದೆ, ಒದ್ದೆ ಮಸಾಲೆ ಇದ್ರೆ ಚರ್ಮ ಬೇಯ್ತದೆ ಹೊರತು ಹುರಿಯುದಿಲ್ಲ. ನೂರು ಗ್ರಾಂ ಮೆತ್ತಗಿನ ಬೆಣ್ಣೆಗೆ ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಲಿಂಬೆಯ ಸಿಪ್ಪೆ ತುರಿ, ಒಳ್ಳೆಮೆಣಸು, ಒಂದು ಸಣ್ಣ ಚಮಚ ಬಾಫತ್ ಪುಡಿ ಕಲಸಿ ಚರ್ಮದ ಕೆಳಗೆ ತುಂಬಿಸಿ, ಅಲ್ಲಿ ಅದು ಸುಡುದಿಲ್ಲ. ಉಪ್ಪಿಲ್ಲದ ಬೆಣ್ಣೆಯೇ ತಕೊಳ್ಳಿ. ಚರ್ಮದ ಹೊರಗೆ ಬರೀ ತುಪ್ಪ ಸವರಿ, ಬೆಣ್ಣೆಯಲ್ಲಿ ನೀರು ಇರ್ತದೆ, ತುಪ್ಪದಲ್ಲಿ ಇಲ್ಲ, ಬಣ್ಣ ಅದರಲ್ಲೇ ಚಂದ ಬರುದು. ಹೊಟ್ಟೆಯೊಳಗೆ ಒಂದು ನೀರುಳ್ಳಿ ನಾಲ್ಕು ತುಂಡು, ಅರ್ಧ ಲಿಂಬೆ, ಚೆಕ್ಕೆ, ಎರಡು ಲವಂಗ, ಸಡಿಲವಾಗಿ.

ಸ್ಟಫಿಂಗ್ ಒಳಗೆ ತುಂಬಿಸ್ಬೇಡಿ. ನಮ್ಮ ಅಜ್ಜಿ ಕೋಳಿ ರೋಸ್ಟಿಗೆ ಬಟಾಟೆ, ಬ್ರೆಡ್, ಲಿವರ್, ದ್ರಾಕ್ಷಿ, ಗೋಡಂಬಿ ತುಂಬಿಸಿ ಹೊಲಿತಿದ್ರು, ಒಂದೂಕಾಲು ಕೆಜಿಯ ಕೋಳಿಗೆ ಅದು ಸರಿ. ಟರ್ಕಿಯ ಹೊಟ್ಟೆ ದೊಡ್ಡದು, ಮಾಂಸದ ರಸ ಇಳಿದ ಆ ಸ್ಟಫಿಂಗ್ ನಡುವಿನವರೆಗೆ 74 ಡಿಗ್ರಿ ಆಗುವಾಗ ಎದೆ ಒಣಗಿ ಹೋಗಿರ್ತದೆ. ಅದೇ ಸ್ಟಫಿಂಗ್ ಬೇರೆ ತಟ್ಟೆಯಲ್ಲಿ ಮಾಡಿ, ಟರ್ಕಿ ಹೊರಗೆ ತೆಗ್ದು ಇಟ್ಟಾಗ ಓಟಿಜಿಗೆ ಹಾಕಿ, ಟ್ರೇಗೆ ಇಳಿದ ಜಿಡ್ಡು ಎರಡು ಚಮಚ ಮೇಲೆ ಹಾಕಿದ್ರೆ ಅಜ್ಜಿಯದ್ದೇ ರುಚಿ.

ಈಗ ಎಲ್ಲಕ್ಕಿಂತ ದೊಡ್ಡ ತೊಂದರೆ ಹೇಳ್ತೇನೆ. ಟರ್ಕಿಯ ಎದೆ ಮತ್ತೆ ಕಾಲು ಎರಡು ಬೇರೆ ಬೇರೆ ಮಾಂಸ. ಎದೆಯಲ್ಲಿ ಜಿಡ್ಡೂ ಕಮ್ಮಿ, ಗಟ್ಟಿ ನಾರೂ ಕಮ್ಮಿ, 74 ದಾಟಿ ಹೋದಷ್ಟೂ ಬಟ್ಟೆ ಹಿಂಡಿದ ಹಾಗೆ ನೀರು ಹೊರಗೆ ಬರ್ತದೆ. ಕಾಲು, ತೊಡೆ ಓಡಾಡುವ ಮಾಂಸ, ಅದರ ನಾರು ಕರಗಿ ಮೆತ್ತಗೆ ಆಗ್ಲಿಕ್ಕೆ 80 ಡಿಗ್ರಿ ಹತ್ರ ಬೇಕು. ಒಂದೇ ಓವನ್ನಲ್ಲಿ ಎರಡಕ್ಕೂ ಸರಿಹೊಂದಿಸುದೇ ಇಡೀ ವಿದ್ಯೆ. ನಾನು ಮಾಡುದು, ಓಟಿಜಿಗೆ ಇಡುವ ಅರ್ಧ ಗಂಟೆ ಮೊದಲು ಫ್ರಿಜ್ಜಿಂದ ಟರ್ಕಿ ಹೊರಗೆ ತೆಗ್ದು, ಗಟ್ಟಿ ಕವರಿನಲ್ಲಿ ಐಸ್ ಹಾಕಿ ಎದೆಯ ಮೇಲೆ ಮಾತ್ರ ಇಡ್ತೇನೆ. ಕಾಲು ಬೆಚ್ಚಗೆ ಆಗ್ತದೆ, ಎದೆ ತಣ್ಣಗೆ ಉಳಿತದೆ, ಕಾಲಿಗೆ ಸ್ವಲ್ಪ ಮುಂಚೂಣಿ ಸಿಕ್ಕಿದ ಹಾಗೆ. ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಐಸ್ ತೆಗ್ದು ಚರ್ಮ ಒರಸಿ, ಆಮೇಲೆ ತುಪ್ಪ ಸವರಿ.

ರೆಕ್ಕೆಯ ತುದಿ ಬೆನ್ನಿನ ಕೆಳಗೆ ಮಡಚಿ, ಇಲ್ಲದಿದ್ರೆ ಅದು ಮೊದಲು ಕರಟುದು. ಕಾಲುಗಳನ್ನು ಹತ್ತಿಯ ದಾರದಲ್ಲಿ ಸಡಿಲಾಗಿ ಕಟ್ಟಿ, ಬಿಗಿ ಕಟ್ಟಿದ್ರೆ ತೊಡೆಯ ಸಂದಿಗೆ ಬಿಸಿ ಹೋಗುದಿಲ್ಲ. ಟ್ರೇಗೆ ದಪ್ಪ ಕೊಯ್ದ ನೀರುಳ್ಳಿ, ಕ್ಯಾರೆಟ್ ಹರಡಿ, ಒಂದು ಲೋಟ ನೀರು ಹಾಕಿ, ಮೇಲೆ ಗ್ರಿಲ್ ಇಟ್ಟು ಟರ್ಕಿ ಇಡಿ. ನೀರು ಯಾಕೆ ಅಂದ್ರೆ ಕೆಳಗಿನ ರಾಡ್ ಹತ್ರ ಇರ್ತದೆ, ಇಳಿದ ಜಿಡ್ಡು ಸುಟ್ಟು ಹೊಗೆ ಏಳುದು ಅದ್ರಿಂದ ತಪ್ತದೆ.

ಕರೆಂಟಿನ ವಿಷಯ. ದೊಡ್ಡ ಓಟಿಜಿ 2000 ವ್ಯಾಟ್ ಹತ್ರ ಇರ್ತದೆ, ಎಂಟೊಂಬತ್ತು ಆಂಪಿಯರ್ ಎಳಿತದೆ, ಅದನ್ನು 16 ಆಂಪಿಯರಿನ ದಪ್ಪ ಪ್ಲಗ್ಗಿಗೇ ಹಾಕಿ, ಸಾದಾ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿದ್ರೆ ವಯರು ಕರಗ್ತದೆ. ನಡುವಲ್ಲಿ ಕರೆಂಟ್ ಹೋದ್ರೆ ಬಾಗಿಲು ತೆಗಿಬೇಡಿ, ಹದಿನೈದಿಪ್ಪತ್ತು ನಿಮಿಷ ಒಳಗಿನ ಬಿಸಿ ನಿಲ್ತದೆ. ಅದಕ್ಕಿಂತ ಉದ್ದ ಹೋದ್ರೆ ಕಾಯ್ಬೇಡಿ, ಕಾಲು ಬೇರೆ ಎದೆ ಬೇರೆ ಮಾಡಿ ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಗ್ಯಾಸಲ್ಲಿ ಮುಗಿಸಿ.

ಬೇಯಿಸುದು ಹೀಗೆ. ಮೇಲೆ ಕೆಳಗೆ ಎರಡೂ ರಾಡ್ ಹಾಕಿ 20 ನಿಮಿಷ 165 ಡಿಗ್ರಿಗೆ ಕಾಯಿಸಿ. ಎದೆಯ ಮೇಲೆ ಫಾಯಿಲ್ ಎರಡು ಪದರ ಮಾಡಿ ಟೊಪ್ಪಿಯ ಹಾಗೆ ಮುಚ್ಚಿ, ಕಾಲುಗಳನ್ನು ಮುಚ್ಚಬೇಡಿ. ಎಲ್ಲಕ್ಕಿಂತ ಕೆಳಗಿನ ರ‍್ಯಾಕು, ಕಾಲು ಒಳಬದಿಗೆ, ಬಾಗಿಲಿನ ಹತ್ರ ಬಿಸಿ ಕಮ್ಮಿ. ಒಂದು ಗಂಟೆ ಆದ ಮೇಲೆ ಒಮ್ಮೆ ಟ್ರೇ ತಿರುಗಿಸಿ, ಸಣ್ಣ ಓವನ್ನಲ್ಲಿ ಒಂದು ಬದಿ ಯಾವಾಗ್ಲೂ ಜಾಸ್ತಿ ಬೇಯ್ತದೆ. ಹತ್ತು ಹತ್ತು ನಿಮಿಷಕ್ಕೆ ಬಾಗಿಲು ತೆಗ್ದು ರಸ ಹೊಯ್ಯುವ ಕೆಲಸ ಬೇಡ, ಬಿಸಿ ಪೂರ ಹೊರಗೆ ಹೋಗ್ತದೆ, ಒಣಗಿದ ಚರ್ಮ ಪುನಃ ಒದ್ದೆ ಆಗ್ತದೆ, ಮಾಂಸಕ್ಕೆ ಅದರಿಂದ ರಸ ಇಳಿಯುದೂ ಇಲ್ಲ. ಟ್ರೇಯಲ್ಲಿ ನೀರು ಬತ್ತಿದ್ರೆ ಮಾತ್ರ ಅರ್ಧ ಲೋಟ ಹಾಕಿ. ಒಂದೂಮುಕ್ಕಾಲು ಗಂಟೆಗೆ ಫಾಯಿಲ್ ತೆಗೀರಿ, 190ಕ್ಕೆ ಏರಿಸಿ, ಇನ್ನು ಮೇಲಿಂದ ಕಣ್ಣು ಬೇರೆ ಕಡೆ ಹೋಗ್ಬಾರ್ದು. ನಾಲ್ಕು ಕೆಜಿಗೆ ಒಟ್ಟು ಎರಡೂವರೆಯಿಂದ ಮೂರು ಗಂಟೆ ಆಗ್ತದೆ, ಆದ್ರೆ ಗಡಿಯಾರ ನಂಬಿ ತೆಗಿಬೇಡಿ, ಒಬ್ಬರ ಓಟಿಜಿಯ 165 ಇನ್ನೊಬ್ಬರ ಓಟಿಜಿಯ 185 ಆಗಿರ್ತದೆ.

ಅದಕ್ಕೆ ಬೇಕಾದ್ದು ಅಡುಗೆಯ ಥರ್ಮಾಮೀಟರ್, ಚುಚ್ಚುವ ಡಿಜಿಟಲ್ ಕಡ್ಡಿ, ಆನ್‌ಲೈನಲ್ಲಿ ಸಿಕ್ತದೆ, ಇಡೀ ಟರ್ಕಿಯ ಖರ್ಚಿನ ಎದುರು ಅದು ಎಂತದೂ ಅಲ್ಲ. ತಂದ ಕೂಡ್ಲೆ ಪರೀಕ್ಷೆ ಮಾಡಿ, ಲೋಟ ತುಂಬ ಐಸಿಗೆ ಸ್ವಲ್ಪ ನೀರು ಹಾಕಿ ಕಲಸಿ ಚುಚ್ಚಿದ್ರೆ 0 ತೋರ್ಸ್ಬೇಕು, ಕುದಿಯುವ ನೀರಲ್ಲಿ 100, ನಾವು ಸಮುದ್ರದ ಬುಡದಲ್ಲೇ ಇರುದ್ರಿಂದ ನಮಗೆ ಸರಿಯಾಗಿ 100ಕ್ಕೇ ಕುದಿತದೆ. ಎದೆಯಲ್ಲಿ ಕೊರಳಿನ ಕಡೆಯಿಂದ ಅಡ್ಡಕ್ಕೆ, ಅತಿ ದಪ್ಪ ಜಾಗದ ನಡುವಿಗೆ ಕಡ್ಡಿ ಹೋಗ್ಬೇಕು, ಎಲುಬಿಗೆ ತಾಗಿದ್ರೆ ಸುಳ್ಳು ಲೆಕ್ಕ ತೋರಿಸ್ತದೆ. ತೊಡೆಯಲ್ಲಿ ಮೈಗೂ ತೊಡೆಗೂ ನಡುವಿನ ಸಂದಿಯಲ್ಲಿ, ಕೀಲಿನ ಹತ್ರ. ಎರಡು ಬದಿಯೂ ನೋಡಿ. ಕಡ್ಡಿ ಒಳಗೆ ತಳ್ತಾ ಹೋಗುವಾಗ ನಂಬರ್ ಇಳಿತಾ ಬರ್ತದೆ, ಮತ್ತೆ ಏರ್ಲಿಕ್ಕೆ ಶುರು ಆಗ್ತದೆ, ಅತಿ ಕಮ್ಮಿ ಯಾವುದು ಬಂತೋ ಅದೇ ನಿಮ್ಮ ನಿಜವಾದ ಉಷ್ಣತೆ. ಎದೆ 74, ತೊಡೆ 80 ಹತ್ರ, ಆಗ ಆಯ್ತು. ಎದೆ ಮೊದಲು 74 ಮುಟ್ಟಿ ತೊಡೆ ಇನ್ನೂ 70 ಇದ್ರೆ ಹೊರಗೆ ತೆಗ್ದು ಕಾಲುಗಳನ್ನು ಕೀಲಲ್ಲಿ ಕೊಯ್ದು ಕಾಲು ಮಾತ್ರ ಪುನಃ ಒಳಗೆ ಇಡಿ, ನಾನು ಎರಡು ಸಲ ಹಾಗೆ ಮಾಡಿದ್ದೇನೆ, ಮೇಜಿಗೆ ತರುವಾಗ ಜೋಡಿಸಿ ಇಟ್ರೆ ಯಾರಿಗೂ ಗೊತ್ತಾಗ್ಲಿಲ್ಲ. ಬಣ್ಣ ನೋಡಿ ಮೋಸ ಹೋಗ್ಬೇಡಿ, ಟರ್ಕಿಯ ತೊಡೆ ಪೂರ್ತಿ ಬೆಂದ ಮೇಲೂ ಎಲುಬಿನ ಹತ್ರ ಸ್ವಲ್ಪ ಕೆಂಪು ಕಾಣ್ಬಹುದು. ಕೆಲವು ಫ್ರೋಜನ್ ಟರ್ಕಿಯಲ್ಲಿ ಎದೆಗೆ ಚುಚ್ಚಿದ ಪ್ಲಾಸ್ಟಿಕ್ ಗುಂಡಿ ಇರ್ತದೆ, ಬೆಂದಾಗ ಮೇಲೆ ಏಳ್ತದೆ ಅಂತ, ಅದು ಏಳುವಾಗ ಎಷ್ಟೋ ಸಲ ಎದೆ 80 ದಾಟಿರ್ತದೆ, ಅದನ್ನು ನಂಬಿ ಕೂರ್ಬೇಡಿ.

ಹೊರಗೆ ತೆಗ್ದ ಮೇಲೆ ಕಾಯುದು ಎಲ್ಲರಿಗೂ ಕಷ್ಟ, ಚರ್ಚಿನ ಪೂಜೆ ಮುಗಿಸಿ ಬಂದವ್ರಿಗೆ ಹಸಿವು, ಮಕ್ಕಳು ಬೊಬ್ಬೆ. ಆದ್ರೂ 35-40 ನಿಮಿಷ ಮುಟ್ಟಬೇಡಿ. ಒಳಗಿನ ಬಿಸಿ ಇನ್ನೂ ಮೂರರಿಂದ ಐದು ಡಿಗ್ರಿ ಏರ್ತದೆ, ಆಮೇಲೆ ಮೆಲ್ಲ ಇಳಿತದೆ, ರಸ ದಪ್ಪ ಆಗಿ ಮಾಂಸದಲ್ಲೇ ನಿಲ್ತದೆ. ಬಿಸಿ ಬಿಸಿ ಕೊಯ್ದ್ರೆ ಹಲಗೆಯ ಮೇಲೆ ಹೊಳೆ ಹರಿದ ಹಾಗೆ ರಸ ಹೋಗ್ತದೆ. ಫಾಯಿಲ್ ಬಿಗಿ ಮುಚ್ಚಬೇಡಿ, ಹಬೆಗೆ ಚರ್ಮ ಮೆತ್ತಗೆ ಆಗ್ತದೆ, ಹಾಗೇ ಬಿಡಿ, ಫ್ಯಾನ್ ಮಾತ್ರ ಆಫ್ ಮಾಡಿ.

ಆ ಹೊತ್ತಿಗೆ ಗ್ರೇವಿ. ಕೊರಳು, ಗಿಝರ್ಡ್, ಹೃದಯ ಬೆಳಿಗ್ಗೆಯೇ ಒಂದು ಲೀಟರ್ ನೀರು, ನೀರುಳ್ಳಿ, ಒಳ್ಳೆಮೆಣಸು ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಿ ಇಟ್ಟಿರಿ, ಲಿವರ್ ಮಾತ್ರ ಹಾಕ್ಬೇಡಿ, ಕಹಿ ಬಿಡ್ತದೆ, ಅದು ಸ್ಟಫಿಂಗಿಗೆ. ಟ್ರೇಯ ರಸ ಸೋಸಿ ಮೇಲಿನ ಜಿಡ್ಡು ಚಮಚದಲ್ಲಿ ತೆಗ್ದು ಇಡಿ. ಎರಡು ದೊಡ್ಡ ಚಮಚ ಜಿಡ್ಡಿಗೆ ಎರಡು ದೊಡ್ಡ ಚಮಚ ಮೈದಾ ಹಾಕಿ ಕಂದು ಬಣ್ಣ ಬರುವಷ್ಟು ಹುರಿದು, ಟ್ರೇಯ ರಸ, ಕುದಿಸಿದ ಸಾರು ಎರಡೂ ಸೇರಿ ಎರಡು ಲೋಟ ಸ್ವಲ್ಪ ಸ್ವಲ್ಪ ಹಾಕ್ತಾ ತಿರುಗಿಸಿ, ಕೊನೆಗೆ ಅರ್ಧ ಚಮಚ ಕಳ್ಳಿನ ವಿನೆಗರ್. ಉಪ್ಪು ನೋಡಿಯೇ ಹಾಕಿ, ಟ್ರೇಯ ರಸದಲ್ಲಿ ಮೊದಲೇ ಉಂಟು.

ಕೊಯ್ಯುವಾಗ ಮೊದಲು ಕಾಲು, ತೊಡೆಯನ್ನು ಹೊರಗೆ ಬಗ್ಗಿಸಿದ್ರೆ ಕೀಲು ಕಾಣ್ತದೆ, ಅಲ್ಲಿ ಚೂರಿ ಹಾಕಿ. ಕಾಲಿನ ಕೆಳಗಿನ ತುಂಡಿನಲ್ಲಿ ಗಟ್ಟಿ ನರಗಳು ಕಡ್ಡಿಯ ಹಾಗೆ ಇರ್ತದೆ, ಮಕ್ಕಳಿಗೆ ಕೊಡುವಾಗ ಎಳೆದು ತೆಗೀರಿ. ಎದೆಯನ್ನು ಅಲ್ಲೇ ಹೋಳು ಹೋಳು ಕೊಯ್ಯುದಲ್ಲ, ನಡುವಿನ ಎಲುಬಿನ ಬದಿಯಲ್ಲಿ ಚೂರಿ ಇಳಿಸಿ ಒಂದು ಬದಿಯ ಎದೆಯನ್ನು ಇಡಿಯಾಗಿ ಬಿಡಿಸಿ ಹಲಗೆಗೆ ಇಟ್ಟು, ನಾರಿಗೆ ಅಡ್ಡವಾಗಿ ಬೆರಳು ದಪ್ಪಕ್ಕೆ ಕೊಯ್ಯಿರಿ, ಪ್ರತಿ ತುಂಡಿಗೂ ಚರ್ಮ ಬರ್ತದೆ. ಕಳೆದ ವರ್ಷ ಮಮ್ಮಿ ಮೊದಲ ತುಂಡು ತಟ್ಟೆಗೆ ಹಾಕ್ಕೊಂಡು ಬೆರಳಿಂದ ಒತ್ತಿ ನೋಡಿದ್ರು, ರಸ ಬಂತು, ಸನ್ನಕ್ಕೆ ಅದ್ದಿ ತಿಂದ್ರು.

ಓಟಿಜಿ ಸಣ್ಣದು, ಆದ್ರೂ ಮಾಡ್ಲೇಬೇಕು ಅಂತ ಇದ್ರೆ ಹಸಿ ಇರುವಾಗಲೇ ಎರಡು ಕಾಲು ಕೊಯ್ದು, ಎದೆ ರೆಕ್ಕೆ ಒಂದು ಭಾಗ, ಕಾಲು ಒಂದು ಭಾಗ, ಎರಡು ಸರ್ತಿ ಬೇಯಿಸಿ. ನಿಜ ಹೇಳ್ಬೇಕಾದ್ರೆ ರುಚಿಗೆ ಇದೇ ಒಳ್ಳೇದು, ಎದೆಗೆ ಎದೆಯ ಲೆಕ್ಕ, ಕಾಲಿಗೆ ಕಾಲಿನ ಲೆಕ್ಕ. ಇಡೀ ಹಕ್ಕಿ ಮೇಜಿನ ನಡುವೆ ಇಡುವ ಚಂದ ಮಾತ್ರ ಇರುದಿಲ್ಲ. ಓಟಿಜಿಯೇ ಇಲ್ಲದವ್ರು ಪರಿಚಯದ ಬೇಕರಿಯವ್ರನ್ನು ಕೇಳಿ ನೋಡಿ, ಬೆಳಗ್ಗಿನ ಬ್ರೆಡ್ ತೆಗ್ದ ಮೇಲೆ ಓವನ್ ಬಿಸಿ ಇರ್ತದೆ, ಥರ್ಮಾಮೀಟರ್ ನೀವೇ ಹಿಡ್ಕೊಂಡು ಹೋಗಿ ಹತ್ರ ನಿಲ್ಲಿ. ಹಳೇ ಮನೆಗಳಲ್ಲಿ ದೊಡ್ಡ ಪಾತ್ರೆಯ ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಹಾಕಿ ಕೋಳಿ, ಕೇಕ್ ಎಲ್ಲ ಮಾಡ್ತಿದ್ರು, ಅಂಗಳ ಇದ್ದವ್ರಿಗೆ ಆ ದಾರಿಯೂ ಉಂಟು, ಕಾಲು ಬೇರೆ ಮಾಡಿದ ಟರ್ಕಿಗೆ ಮಾತ್ರ.

ಉಳಿದದ್ದನ್ನು ಊಟ ಆಗಿ ಮಾತಾಡ್ತಾ ಮೇಜಿನ ಮೇಲೆ ಬಿಡ್ಬೇಡಿ, ಎರಡು ಗಂಟೆಯೊಳಗೆ ಎಲುಬಿಂದ ಬಿಡಿಸಿ ಸಣ್ಣ ಡಬ್ಬಿಗಳಲ್ಲಿ ಫ್ರಿಜ್ಜಿಗೆ, ಮೂರು ದಿನದೊಳಗೆ ಮುಗಿಸಿ. ಎದೆಯ ಮಾಂಸ ಮಯೋನೀಸ್ ಹಾಕಿ ಸ್ಯಾಂಡ್‌ವಿಚ್ಚಿಗೆ, ಕಾಲಿನದ್ದು ಸುಕ್ಕಕ್ಕೆ, ತೆಂಗಿನಕಾಯಿ ಮಸಾಲೆ ಪೂರ್ತಿ ಹುರಿದಾದ ಮೇಲೆ ಕೊನೆಯ ಐದು ನಿಮಿಷಕ್ಕೆ ಮಾಂಸ ಹಾಕಿದ್ರೆ ಸಾಕು, ನೀರು ದೋಸೆಯ ಜೊತೆ ಭಾರಿ ಚಂದ. ಎಲುಬು ಬಿಸಾಡ್ಲೇಬೇಡಿ. ದೊಡ್ಡ ಪಾತ್ರೆಗೆ ಹಾಕಿ ಮುಳುಗುವಷ್ಟು ನೀರು, ಒಂದು ತುಂಡು ಶುಂಠಿ, ಹತ್ತು ಕಾಳು ಒಳ್ಳೆಮೆಣಸು, ಮೂರು ಗಂಟೆ ಸಣ್ಣ ಉರಿ, ಸೋಸಿ, ಆರಿಸಿ, ಫ್ರಿಜ್ಜಲ್ಲಿಡಿ. 26ರ ಬೆಳಿಗ್ಗೆ ಆ ಸಾರಲ್ಲೇ ಕುಚ್ಚಲಕ್ಕಿ ಗಂಜಿ ಮಾಡಿ, ಮೇಲೆ ಒಂದು ಚಮಚ ಟರ್ಕಿಯ ಜಿಡ್ಡು, ಬದಿಗೆ ಮಾವಿನಮಿಡಿ ಉಪ್ಪಿನಕಾಯಿ.